ಹದಿನಾರು ಸಾಲು ಇಟ್ಟಿಗೆಯ ಅನುಭವ

ಲಾರಿ ಚಾಲಕನೊಬ್ಬ ಹದಿನಾರು ವರ್ಷ ಯಾವುದಕ್ಕೂ ಗುದ್ದದೆ ಗಾಡಿ ಓಡಿಸಿದರೆ, ಅವನು ಗಾಡಿ ಓಡಿಸಿಯೇ ಇಲ್ಲ ಎಂದರ್ಥ. ಸಾಗಣೆ ಕಂಪನಿಯ ದಾಖಲೆ ವಿಭಾಗವು ಎಲ್ಲ ಕಡತಗಳನ್ನೂ ಕೂಲಂಕಷವಾಗಿ ಪರಿಶೀಲಿಸಿ ಕಂಡುಕೊಂಡ ಸತ್ಯವಿದು. ಇದರಲ್ಲಿ ಯಾರ ತಪ್ಪೂ ಇಲ್ಲ.

ಈ ಸತ್ಯ ಬೆಳಕಿಗೆ ಬಂದದ್ದು ಕಂಪನಿಯ ಚಾಲಕನೊಬ್ಬ ಕೆಲಸ ಬದಲಾಯಿಸಲು ಹೊರಟಾಗ. ದೂರದ ಸಾಗಣೆಯ ದೆಸೆಯಿಂದ ಅವನು ಮನೆಯಲ್ಲಿರುತ್ತಿದ್ದದ್ದು ತಿಂಗಳಿಗೆ ನಾಲ್ಕು ದಿನ. ಎಂಟು ವರ್ಷದ ಮಗಳು ಅಮ್ಮನನ್ನು 'ನೀನು' ಎನ್ನುತ್ತಿದ್ದಳು, ಅಪ್ಪನನ್ನು 'ನೀವು' ಎನ್ನುತ್ತಿದ್ದಳು. ಗೌರವದಿಂದಲ್ಲ, ಪರಿಚಯ ಸಾಲದೆ. ಒಮ್ಮೆ ಅವನು ಹೊರಡುವಾಗ ಬಾಗಿಲ ತನಕ ಬಂದು, "ಬಿಡುವಾದಾಗ ಬರ್ತಾ ಇರಿ" ಅಂದಳು. ಊರೊಳಗೇ ಬ್ರೆಡ್ಡು ಹಂಚುವ ಇನ್ನೊಂದು ಕಂಪನಿಗೆ ಚಾಲಕರು ಬೇಕಾಗಿದ್ದರು. ಬೆಳಿಗ್ಗೆ ಹೋದರೆ ಸಂಜೆಗೆ ಮನೆ. ಅವರು ಕೇಳಿದ್ದು ಒಂದೇ ಒಂದು ಕಾಗದ: ಹದಿನೈದು ದಿನದೊಳಗೆ ಹಳೆಯ ಕಂಪನಿಯ ಅನುಭವ ಪತ್ರ.

ದಾಖಲೆ ಗುಮಾಸ್ತರು ಅವನ ಫೈಲು ತೆಗೆದರು. ಒಳಗೆ ಕೆಲಸಕ್ಕೆ ಸೇರಿದ ಆದೇಶ ಮತ್ತು ಮೀಸೆ ಕಪ್ಪಗಿದ್ದ ಕಾಲದ ಒಂದು ಫೋಟೋ ಇತ್ತು.

"ನೀವು ಹದಿನಾರು ವರ್ಷ ಓಡಿಸಿದ್ದು ನನಗೆ ಗೊತ್ತು ಕಣ್ರೀ. ಫೈಲಿಗೆ ಗೊತ್ತಿಲ್ಲ."

"ದಿನಾ ಗೇಟಲ್ಲಿ ಸಹಿ ಹಾಕಿದ್ದೀನಲ್ಲ ಸಾರ್."

"ಆ ಪುಸ್ತಕ ವರ್ಷಕ್ಕೊಂದ್ಸಲ ರದ್ದಿಗೆ ಹೋಗುತ್ತೆ."

"ಸಂಬಳ ತಗೊಂಡಿದ್ದೀನಲ್ಲ."

"ಸಂಬಳ ತಗೊಂಡೋರೆಲ್ಲ ಕೆಲಸ ಮಾಡಿದ್ದಾರೆ ಅಂತ ಈ ಆಫೀಸಲ್ಲಿ ಯಾರೂ ಬರೆದುಕೊಡಲ್ಲ. ಫೈಲಿಗೆ ಸೇರೋದು ಅಪಘಾತದ ವರದಿ ಮಾತ್ರ. ಏನಾದ್ರೂ ಆದ್ರೆ ಬರೆಯೋಕೆ ನಮೂನೆ ಇದೆ. ಏನೂ ಆಗ್ಲಿಲ್ಲ ಅಂತ ಬರೆಯೋಕೆ ನಮೂನೆ ಇಲ್ಲ."

ಅದೇ ಹೊತ್ತಿಗೆ ಅಂಥದೇ ಪತ್ರಕ್ಕಾಗಿ ಬಂದಿದ್ದ ಇನ್ನೊಬ್ಬ ಚಾಲಕನಿಗೆ ಕಂಪನಿಯಲ್ಲಿ ಗೋಡೆಯಣ್ಣ ಎಂದೇ ಹೆಸರು. ಅವನ ಫೈಲನ್ನು ಇಬ್ಬರು ಜವಾನರು ಹೊತ್ತು ತಂದರು. ಏಳು ವರ್ಷದಲ್ಲಿ ಇಪ್ಪತ್ತಮೂರು ಗೋಡೆ, ಎರಡು ವಿದ್ಯುತ್ ಕಂಬ, ಒಂದು ಬಟ್ಟೆ ಅಂಗಡಿಯ ಗಾಜು; ಪ್ರತಿಯೊಂದಕ್ಕೂ ದಿನಾಂಕ, ಸಮಯ, ಸಾಕ್ಷಿ ಮತ್ತು ಫೋಟೋ. ಗುಮಾಸ್ತರು ಭಕ್ತಿಯಿಂದ ಪುಟ ತಿರುವಿದರು. ಟೀ ಆರುವ ಮೊದಲೇ ಪತ್ರ ಸಿದ್ಧವಾಯಿತು: "ಇವರು ನಮ್ಮಲ್ಲಿ ನಿರಂತರವಾಗಿ ವಾಹನ ಚಲಾಯಿಸಿರುತ್ತಾರೆ ಎಂಬುದಕ್ಕೆ ನಗರದ ಎಲ್ಲ ಭಾಗಗಳಲ್ಲೂ ಗುರುತುಗಳಿರುತ್ತವೆ."

"ಬೇಜಾರು ಮಾಡ್ಕೋಬೇಡ ತಮ್ಮ," ಅಂದ ಗೋಡೆಯಣ್ಣ, ಪತ್ರ ಮಡಚುತ್ತಾ. "ನೀನು ರಸ್ತೆ ಮೇಲೆ ಗಮನ ಇಟ್ಟೆ. ಫೈಲಿನ ಮೇಲೆ ಇಡಲಿಲ್ಲ."

ಕಂಪನಿ ಕಟುಕರದ್ದೇನಲ್ಲ. ಚಾಲಕ ಹತ್ತು ದಿನ ಬಾಗಿಲು ಕಾದದ್ದಕ್ಕೆ ಹನ್ನೊಂದನೆಯ ದಿನ ಸೂಚನಾ ಫಲಕದಲ್ಲಿ ಪ್ರಕಟಣೆ ಬಂತು:

"ಅನುಭವವಿಲ್ಲದ ಅನುಭವಿ ಚಾಲಕರ ಹಿತದೃಷ್ಟಿಯಿಂದ ಕಂಪನಿಯ ಹಿಂಭಾಗದಲ್ಲಿ ಒಂದು ಗೋಡೆಯನ್ನು ನಿರ್ಮಿಸಲಾಗಿದೆ. ಅರ್ಜಿದಾರರು ಕಚೇರಿಯ ವೇಳೆಯಲ್ಲಿ, ಇಬ್ಬರು ಸಾಕ್ಷಿಗಳ ಸಮಕ್ಷಮ, ಸೇವೆಯ ಪ್ರತಿ ವರ್ಷಕ್ಕೆ ಒಂದು ಬಾರಿಯಂತೆ ಸದರಿ ಗೋಡೆಗೆ ಆಕಸ್ಮಿಕವಾಗಿ ಗುದ್ದತಕ್ಕದ್ದು. ಬೇಕೆಂದೇ ಗುದ್ದಿದ್ದು ಕಂಡುಬಂದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು."

ಹದಿನಾಲ್ಕನೆಯ ದಿನ ಬೆಳಿಗ್ಗೆ ಸಾಕ್ಷಿಗಳು ಕುರ್ಚಿ ಹಾಕಿಕೊಂಡು ಕುಳಿತರು. ಗುಮಾಸ್ತರು ಪೆನ್ನಿನ ಮುಚ್ಚಳ ತೆಗೆದರು. ಚಾಲಕ ಲಾರಿಯನ್ನು ನೇರ ಗೋಡೆಯ ಕಡೆಗೆ ಬಿಟ್ಟ. ಇನ್ನೇನು ತಾಗಬೇಕು, ಅವನ ಬಲಗಾಲು ಯಾರನ್ನೂ ಕೇಳದೆ ಬ್ರೇಕು ಒತ್ತಿತು. ಗೋಡೆಗೂ ಲಾರಿಗೂ ನಡುವೆ ಒಂದು ಬೆರಳು ತೂರುವಷ್ಟು ಜಾಗ ಉಳಿಯಿತು. ಗುಮಾಸ್ತರು ಬರೆದುಕೊಂಡರು: "ವಾಹನ ನಿಂತಿತು. ಘಟನೆ ಜರುಗಲಿಲ್ಲ. ಅರ್ಜಿದಾರರಲ್ಲಿ ಅನುಭವದ ಕೊರತೆ ಎದ್ದು ಕಾಣುತ್ತದೆ."

ಎರಡನೆಯ ಸಲ ಅವನು ಕಣ್ಣು ಮುಚ್ಚಿಕೊಂಡ. ಮತ್ತೆ ಒಂದು ಬೆರಳು. ಮೂರನೆಯ ಸಲ ಮಗಳ ಮುಖ ನೆನೆಸಿಕೊಂಡು, ಹಲ್ಲು ಕಚ್ಚಿ, ಕಾಲಿಗೆ ವಾಚಾಮಗೋಚರ ಬೈದ. ಕಾಲು ಜಗ್ಗಲಿಲ್ಲ. ಅವನು ಕೆಳಗಿಳಿದು ಲಾರಿಯ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟ.

ಗುಮಾಸ್ತರಿಗೂ ಮನಸ್ಸು ಕರಗಿತು. ಊಟದ ಹೊತ್ತೂ ಆಗಿತ್ತು. ಎದ್ದು ಬಂದು, "ಸಮಾಧಾನ ಮಾಡ್ಕೊಳ್ಳಿ" ಎನ್ನುತ್ತಾ ಒಂದು ಕೈಯನ್ನು ಗೋಡೆಗೆ ಊರಿದರು. ಗೋಡೆಯನ್ನು ಕಂಪನಿಯ ಗುತ್ತಿಗೆದಾರರೇ ಕಟ್ಟಿದ್ದರಿಂದ ಅದು ತಕ್ಷಣ ಬಿತ್ತು.

ಗುಮಾಸ್ತರು ಕೈ ಕೊಡವಿಕೊಂಡು ಸಾಕ್ಷಿಗಳ ಕಡೆ ತಿರುಗಿದರು.

"ಗಾಡಿ ಎಲ್ಲಿತ್ತು?"

"ಗೋಡೆ ಪಕ್ಕದಲ್ಲೇ ಸಾರ್."

"ಗೋಡೆ ಎಲ್ಲಿದೆ?"

"ಈಗ ಇಲ್ಲ ಸಾರ್."

"ಯಾರಾದ್ರೂ ಬೇಕು ಅಂತ ಮಾಡಿದ್ರಾ?"

"ಇಲ್ಲ ಸಾರ್."

"ಮತ್ತೆ? ಇಷ್ಟು ಅಪ್ಪಟ ಆಕಸ್ಮಿಕ ನನ್ನ ಸರ್ವೀಸಲ್ಲೇ ನೋಡಿಲ್ಲ."

ಬಿದ್ದ ಗೋಡೆಯಲ್ಲಿ ಹದಿನಾರು ಸಾಲು ಇಟ್ಟಿಗೆಗಳಿದ್ದವು. ಸಾಲಿಗೊಂದು ವರ್ಷದಂತೆ ಹದಿನಾರು ವರದಿ ಬರೆದರು, ಸಾಕ್ಷಿಗಳು ಹದಿನಾರು ಸಲ ಸಹಿ ಹಾಕಿ ಊಟಕ್ಕೆ ಹೋದರು. ಸಂಜೆಗೆ ಹದಿನಾರೂ ಗುದ್ದು ನಮೂದಿಸಿದ ಅನುಭವ ಪತ್ರ ಸಿದ್ಧವಾಯಿತು. ಮರುದಿನ ಬ್ರೆಡ್ಡಿನ ಕಂಪನಿ ಪತ್ರದ ಜೊತೆಗಿದ್ದ ಫೈಲಿನ ದಪ್ಪ ನೋಡಿಯೇ ಅವನನ್ನು ಕೆಲಸಕ್ಕೆ ತೆಗೆದುಕೊಂಡಿತು.

ಈಗ ಅವನು ದಿನಾ ಸಂಜೆ ಆರಕ್ಕೆ ಮನೆಯಲ್ಲಿರುತ್ತಾನೆ. ಮೊದಲ ಭಾನುವಾರ ಮಗಳು ಬ್ರೆಡ್ಡಿನ ಲಾರಿಯಲ್ಲಿ ಒಂದು ಸುತ್ತು ಹೋಗಬೇಕೆಂದು ಹಟ ಹಿಡಿದಳು. ಹೆಂಡತಿ ಅನುಭವ ಪತ್ರವನ್ನು ಎರಡು ಸಲ ಓದಿ ಮಡಚಿಟ್ಟಳು.

"ಬೇಡ ರೀ. ಹದಿನಾರು ಸಲ ಗುದ್ದಿದ್ದೀರಿ. ನನ್ನ ಹತ್ರ ಒಂದು ಮಾತು ಹೇಳಲಿಲ್ಲ."

"ಒಂದು ಸಲಾನೂ ಗುದ್ದಿಲ್ಲ ಕಣೇ. ಆ ಗೋಡೆ ಬೀಳಿಸಿದ್ದು ಗುಮಾಸ್ತರು."

"ಸೀಲು ಹಾಕಿದ್ದಾರೆ. ಸೀಲು ಹಾಕಿ ಸುಳ್ಳು ಬರೀತಾರಾ?"

ಚಾಲಕ ಪತ್ರವನ್ನು ಇಸಕೊಂಡು ಮೊದಲಿಂದ ಕೊನೆಯವರೆಗೆ ತಾನೂ ಓದಿದ. ಇಂಥವನ ಗಾಡಿಯಲ್ಲಿ ಮಗುವನ್ನು ಕೂರಿಸುವುದು ಅವನಿಗೂ ಸರಿಯೆನಿಸಲಿಲ್ಲ. ಅಂದಿನಿಂದ ಪ್ರತಿ ಭಾನುವಾರ ಅಪ್ಪ ಮಗಳು ಕೈ ಹಿಡಿದುಕೊಂಡು ನಡೆದೇ ಸುತ್ತಾಡುತ್ತಾರೆ, ಗೋಡೆಗಳಿಂದ ಸಾಕಷ್ಟು ಅಂತರ ಕಾಯ್ದುಕೊಂಡು.