ಅಮ್ಮ ಮತ್ತು ನನ್ನ ‘ಟಿಕ್’ ಡಬ್ಬಿ

ಕರೆಂಟಿನ ಜೊತೆ ಆಡುವವರ ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ನಮ್ಮ ಮನೆಯಲ್ಲಿ ಆದದ್ದರಲ್ಲಿ ಅರ್ಧ, ಕರೆಂಟೇ ಇಲ್ಲದಿದ್ದಾಗ ಆದದ್ದು.

ತೊಂಬತ್ತರ ದಶಕ. ಮಲ್ಲೇಶ್ವರದ ಹಳೇ ಮನೆಯಲ್ಲಿ ನಾನು, ಅಮ್ಮ, ದೊಡ್ಡಪ್ಪ. ಬ್ಯಾಂಕ್ ಗುಮಾಸ್ತನಾದ ನನಗಿದ್ದ ಏಕೈಕ ಚಟ, ಟೀವಿಗೆ ಜೋಡಿಸುವ ಒಂದು ಪುಟಾಣಿ ಕಂಪ್ಯೂಟರ್. ಅದರಿಂದ ಮನೆಯ ಲೈಟು, ನೀರಿನ ಮೋಟಾರು ತಾವಾಗಿ ಆನ್ ಆಗಿ ಆಫ್ ಆಗಬೇಕೆಂದು ನನ್ನಾಸೆ. ಆದರೆ ಕಂಪ್ಯೂಟರಿನ ಐದು ವೋಲ್ಟು ಮನೆಯ ಇನ್ನೂರ ಮೂವತ್ತು ವೋಲ್ಟನ್ನು ಮುಟ್ಟುವಂತಿಲ್ಲ. ನಡುವೆ ರಿಲೇ ಎಂಬ ಸ್ವಿಚ್ಚು ಕೂತು, ‘ಟಿಕ್’ ಎಂದು ಇತ್ತಲಿನ ಮಾತನ್ನು ಅತ್ತ ಮುಟ್ಟಿಸುತ್ತದೆ, ಮಾತು ಬಿಟ್ಟ ಬೀಗರ ನಡುವೆ ಓಡಾಡುವವರ ಹಾಗೆ. ರಿಲೇಗಳನ್ನೆಲ್ಲ ಕೈ ತಾಗದಂತೆ ಒಂದು ಮರದ ಡಬ್ಬಿಯಲ್ಲಿ ಮುಚ್ಚಿಟ್ಟೆ.

ಅಮ್ಮನಿಗೆ ಕರೆಂಟೆಂದರೆ ಪ್ರಾಣಭಯ. ಅದೂ ನನ್ನ ಪ್ರಾಣದ ಭಯ. “ಇದರಿಂದ ನಿಂಗೆ ಒಂಚೂರು ಏನಾದ್ರೂ ಆಯ್ತೋ, ಅವತ್ತೇ ಡಬ್ಬಿ ಗುಜರಿಗೆ. ಮುಚ್ಚಳ ತೆಗಿಯೋಕೆ ಮುಂಚೆ ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಕೋಬೇಕು” ಎಂದಳು. ಒಪ್ಪಿದೆ.

ಜೇಬಿನಲ್ಲಿ ಫ್ಯೂಸು

ಒಂದು ಬೆಳಿಗ್ಗೆ ಅಮ್ಮನ ಮಾತಿನಂತೆಯೇ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಒಂದು ತಂತಿ ಬಿಗಿಮಾಡಿದೆ. ತಡವಾಯಿತೆಂದು ಹಾಗೆಯೇ ಬ್ಯಾಂಕಿಗೆ ಓಡಿದೆ. ಮನೆಯಲ್ಲಿ ಮಿಕ್ಸಿಯೂ ತಿರುಗಲಿಲ್ಲ, ಫ್ಯಾನೂ ತಿರುಗಲಿಲ್ಲ. ಅಮ್ಮ ಲೈನ್‌ಮನ್ನನ್ನು ಕರೆಸಿದಳು. ಆತ ಬೋರ್ಡು ನೋಡಿ ಬೆರಗಾದ.

“ಏನಮ್ಮಾ, ಫ್ಯೂಸೇ ಇಲ್ವಲ್ಲ?”

“ನನ್ನ ಮಗ ಬ್ಯಾಂಕಿಗೆ ತಗೊಂಡ್ಹೋಗಿದಾನಪ್ಪ.”

“ಯಾಕಮ್ಮಾ, ಲಾಕರ್‌ನಲ್ಲಿ ಇಡೋಕಾ?”

ದೊಡ್ಡಪ್ಪನ ಪುಣ್ಯ

ಸಂಜೆ ಲೈಟು ಹತ್ತಿದೊಡನೆ ಕೈಮುಗಿಯುವುದು ನಮ್ಮ ಮನೆಯ ಪದ್ಧತಿ. ದೊಡ್ಡಪ್ಪ ಇದನ್ನು ಒಂದು ದಿನವೂ ತಪ್ಪಿಸಿದವರಲ್ಲ. ಅವರು ಕಾಫಿ ಕುಡಿಯುತ್ತಿದ್ದಾಗಲೇ ನಾನು ಹಾಲ್ ಲೈಟಿನ ರಿಲೇ ಪರೀಕ್ಷೆಗೆ ಇಳಿದೆ. ಟಿಕ್, ಲೈಟು ಬಂತು. ದೊಡ್ಡಪ್ಪ ಲೋಟ ಕೆಳಗಿಟ್ಟು ಕೈಮುಗಿದರು. ಟಿಕ್, ಹೋಯಿತು. ಲೋಟ ಎತ್ತಿಕೊಂಡರು. ಟಿಕ್, ಮತ್ತೆ ಬಂತು. ಲೋಟ ಮತ್ತೆ ಕೆಳಗೆ. ಟೀವಿಯ ಮೇಲೆ ಕಣ್ಣು ನೆಟ್ಟಿದ್ದ ನನಗೆ ಇದೊಂದೂ ಗೊತ್ತಿಲ್ಲ. ಕೊನೆಗೆ ದೊಡ್ಡಪ್ಪ, “ನೋಡಪ್ಪಾ, ಈ ಜನ್ಮಕ್ಕೆ ಬೇಕಾದಷ್ಟು ಪುಣ್ಯ ಬಂದಾಯ್ತು. ಇನ್ನು ಕಾಫಿ ಕುಡಿಯೋಕೆ ಬಿಡು” ಎಂದರು.

ಬಿಸಿಲಲ್ಲಿ ಮಳೆ

ಮೋಟಾರಿಗೆ ಸಣ್ಣ ರಿಲೇ ಹಾಕಿದ್ದು ನನ್ನ ಜಿಪುಣತನ. ಮೋಟಾರು ಎಳೆದ ಕರೆಂಟಿಗೆ ಅದು ಒಳಗೇ ಅಂಟಿಕೊಂಡುಬಿಟ್ಟಿತು. ಕಂಪ್ಯೂಟರ್ ‘ಸಾಕು’ ಎಂದರೂ ಮೋಟಾರು ಕೇಳಲಿಲ್ಲ. ಟ್ಯಾಂಕು ತುಂಬಿ ಹರಿದು, ಟೆರೇಸಿನ ಮೇಲೆ ಅಮ್ಮ ಒಣಹಾಕಿದ್ದ ಸಂಡಿಗೆಯೆಲ್ಲ ಮತ್ತೆ ಹಿಟ್ಟಾಯಿತು. ಅಮ್ಮ ಬೈಯಲಿಲ್ಲ. “ಇನ್ಮೇಲೆ ಸಂಡಿಗೆ ಇಡೋಕೆ ಮುಂಚೆ ಪಂಚಾಂಗ ನೋಡಲ್ಲ, ನಿನ್ನ ಕಂಪ್ಯೂಟರ್‌ನೇ ಕೇಳ್ತೀನಿ” ಎಂದಳಷ್ಟೇ.

ಲಟ್ಟಣಿಗೆ

ಆ ಭಾನುವಾರ ದೊಡ್ಡ ರಿಲೇ ಹಾಕಲು ಕೂತೆ. ಫ್ಯೂಸು ಜೇಬಿನಲ್ಲಿ ಭದ್ರ. ಕರೆಂಟ್ ಹಿಡಿದವರನ್ನು ಕೈಯಿಂದ ಮುಟ್ಟಬಾರದು, ಒಣ ಮರದಿಂದ ಬಿಡಿಸಬೇಕು ಎಂದು ಅಮ್ಮನಿಗೆ ಹೇಳಿಕೊಟ್ಟವನು ನಾನೇ. ಅವಳು ಊಟದ ಮಣೆಯ ಮೇಲೆ ನಿಂತು, ಲಟ್ಟಣಿಗೆ ಎತ್ತಿ ಹಿಡಿದು ನನ್ನ ಹಿಂದೆ ಕಾವಲಿದ್ದಳು.

ಸ್ಕ್ರೂಡ್ರೈವರ್ ಜಾರಿ ಹೆಬ್ಬೆರಳಿಗೆ ಚುಚ್ಚಿತು. “ಅಯ್ಯೋ!” ಅಂದೆ, ಅಷ್ಟೇ. ಲಟ್ಟಣಿಗೆ ಮೊಣಕೈ ಮೇಲೆ ಬಿತ್ತು. ಬಿಡಿಸಿಯೇ ತೀರಬೇಕೆಂದು ಇನ್ನೊಂದು ಏಟೂ ಬಿತ್ತು.

ಊದಿದ ಕೈ ನೋಡಿ ನಮ್ಮ ಬೀದಿಯ ಡಾಕ್ಟರು, “ಕರೆಂಟ್ ಹೊಡೀತೇನ್ರೀ?” ಎಂದರು. ಹೌದೆಂದರೆ ಡಬ್ಬಿ ಗುಜರಿಗೆ ಹೋಗುತ್ತದೆ. ಇಲ್ಲವೆಂದರೆ ಅಮ್ಮನ ಮರ್ಯಾದೆ ಹೋಗುತ್ತದೆ.

ಅಮ್ಮನೇ ಬಾಯಿಬಿಟ್ಟಳು. “ಡಬ್ಬೀದೇನೂ ತಪ್ಪಿಲ್ಲ ಡಾಕ್ಟ್ರೇ. ಅದು ಪಾಪ, ಸುಮ್ನೆ ಇತ್ತು. ಹೊಡೆದಿದ್ದು ನಾನು.”

ಡಬ್ಬಿ ಉಳಿಯಿತು. ನೋವಿನಲ್ಲೂ ನನಗೆ ಅವಳ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಕೈ ಸರಿಹೋದ ಮೇಲೆ ಫ್ಯೂಸ್ ಕಿತ್ತು ಮುಚ್ಚಳ ತೆಗೆದರೆ, ಹಿಂದೆ ಮಣೆ ಎಳೆದ ಸದ್ದು.

“ಈ ಸಲ ಮರದ ಸೌಟು ತಂದಿದೀನಿ ಕಣೋ, ಇದು ಹಗುರ” ಎಂದಳು ಅಮ್ಮ. “ನೀನು ಧೈರ್ಯವಾಗಿ ಕೆಲ್ಸ ಮಾಡು.”