ತುಕ್ಕಾನಟ್ಟಿಯ ಎರಡು ಕಲ್ಲು

ಶ್ರೀಶೈಲ ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ ತುಕ್ಕಾನಟ್ಟಿ ಊರು ಆಫ್ರಿಕಾದ ಪಕ್ಕದ ಸಮುದ್ರದಲ್ಲಿ ತೇಲುತ್ತಿತ್ತು.

ಊರಿನ ತಪ್ಪೇನೂ ಇರಲಿಲ್ಲ. ಕುಡಿಯುವ ನೀರಿನ ಪೈಪಿಗಾಗಿ ಯಾರೋ ಕ್ಯಾಡ್ ಎಂಬ ನಕ್ಷೆ ಬರೆಯುವ ತಂತ್ರಾಂಶದಲ್ಲಿ ಬರೆದಿಟ್ಟದ್ದು ಅದು. ಮನೆ, ಓಣಿ, ಬಾವಿ ಎಲ್ಲವೂ ಅಳತೆಗೆ ಸರಿಯಾಗಿದ್ದವು. ಅವು ಭೂಮಿಯ ಮೇಲೆ ಎಲ್ಲಿವೆ ಎಂಬುದನ್ನು ಮಾತ್ರ ಬರೆದವರು ಹೇಳಿರಲಿಲ್ಲ. ವಿಳಾಸವಿಲ್ಲದ ಊರನ್ನು ಮ್ಯಾಪಿನ ತಂತ್ರಾಂಶ ಸೊನ್ನೆ ಅಕ್ಷಾಂಶ, ಸೊನ್ನೆ ರೇಖಾಂಶದ ನೀರಿನಲ್ಲಿ ಬಿಟ್ಟಿತ್ತು. ಎಳೆದು ತರಬೇಕಾದರೆ ನಕ್ಷೆಯಲ್ಲೂ ನೆಲದಲ್ಲೂ ಇರುವ ಎರಡು ಗುರುತು ಬೇಕು. ನಕ್ಷೆಯಲ್ಲಿ ಇದ್ದವೂ ಎರಡೇ: ಶಾಲೆಯ ಪಕ್ಕದಲ್ಲಿ ಒಂದು ಸರ್ವೆ ಕಲ್ಲು, ಪಾರವ್ವ ಎಂಬುವಳ ಹಿತ್ತಲಲ್ಲಿ ಇನ್ನೊಂದು.

“ಸಂಜೀ ಒಳಗ ಊರು ಊರಾಗ ಕುಂದರಬೇಕ ನೋಡು,” ಎಂದ ಸೋಮಶೇಖರ. ಗೋಕಾಕದ ಆ ಸಣ್ಣ ಸರ್ವೆ ಆಫೀಸಿಗೆ ಅವನೇ ಮಾಲೀಕ. “ಕುಂತರ ನಾಳೆ ನಿನಗ ರಜಾ. ಇಲ್ಲಂದ್ರ ಇಲ್ಲ.”

ನಾಳೆ ಹುಕ್ಕೇರಿಯಲ್ಲಿ, ಹೆಂಡತಿ ದಾಕ್ಷಾಯಿಣಿಯ ತವರಿನಲ್ಲಿ, ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ಆ ಕೂಸನ್ನು ಶ್ರೀಶೈಲ ನೋಡಿದ್ದು ಒಂದೇ ಸಲ, ಅದೂ ಅದು ನಿದ್ದೆಯಲ್ಲಿದ್ದಾಗ.

ಜಿಪಿಎಸ್ ಯಂತ್ರವನ್ನು ಅವಚಿಕೊಂಡು ಬಸ್ಸು ಹತ್ತಿದ. ದಾರಿಯಲ್ಲೇ ಹೆಂಡತಿಗೆ ಫೋನ್ ಮಾಡಿ, “ಎರಡ ಕಲ್ಲ ಸಿಕ್ಕರ ಸಾಕು, ನಾಳೆ ಬಂದss ಬರ್ತೇನಿ,” ಎಂದ.

ಶಾಲೆಯ ಪಕ್ಕದ ಕಲ್ಲು ಕಾಯುತ್ತಿದ್ದಂತೆ ನಿಂತಿತ್ತು. ಅದರ ಮೇಲೆ ಯಂತ್ರವಿಟ್ಟು ಜಾಗದ ಅಂಕಿ ಬರೆದುಕೊಂಡ. ಪಾರವ್ವನ ಹಿತ್ತಲಲ್ಲಿ ಆಳೆತ್ತರದ ತಿಪ್ಪೆ ಬಿಟ್ಟರೆ ಏನೂ ಇರಲಿಲ್ಲ.

“ಅವ್ವಾರ, ಇಲ್ಲೊಂದ ಕಲ್ಲ ಇತ್ತೇನ್ರಿ? ನೆತ್ತಿ ಮ್ಯಾಲ ಉಳಿಯಿಂದ ಗುರುತ ಹೊಡದಿರತಾರ.”

“ನಮ್ಮೂರಾಗ ಕಲ್ಲಿಗೇನ ಬರ ಐತೇನ ತಮ್ಮಾ? ಬೇಕಾದ್ದ ತೊಗೊಂಡ ಹೋಗು,” ಎಂದಳು ಪಾರವ್ವ.

“ಅದss ಬೇಕ್ರಿ.”

ಗೋಡೆಯಾಚೆಯಿಂದ ನೆರೆಮನೆಯ ಕೆಂಚಪ್ಪ ತಲೆ ಎತ್ತಿದ. “ಅದು ಅಲ್ಲಿರಲಿಲ್ರಿ ಸಾಹೇಬ್ರ, ನನ್ನ ಬಾಗಲಾ ಮುಂದ ಇತ್ತು. ಪೈಪೂ ಅಲ್ಲೇ ಬರತೈತಿ ಹೌದಲ್ರಿ?”

“ಹೌದಪಾ, ನಳಾ ಸೀದಾ ನಿನ್ನ ಒಲಿ ಮ್ಯಾಲ ಬರತೈತಿ. ಸುಮ್ನ ಕುಂದರ,” ಎಂದಳು ಪಾರವ್ವ.

ಹತ್ತು ನಿಮಿಷದಲ್ಲಿ ಹನ್ನೊಂದು ಜನ ಸೇರಿ ಹನ್ನೊಂದು ಜಾಗ ತೋರಿಸಿದರು. ಹನ್ನೊಂದೂ ಅವರವರ ಬಾಗಿಲ ಮುಂದೆಯೇ ಇದ್ದವು. ಕೊನೆಗೆ ಪಾರವ್ವ ಸೊಂಟದ ಮೇಲೆ ಕೈಯಿಟ್ಟು, “ತಿಪ್ಪಿ ಬುಡಕ ನೋಡಬೇಕ. ಸೊಸಿಯಾಗಿ ಬಂದ ಮೊದಲನೇ ದಿನಾ ಅಲ್ಲೊಂದ ಕಲ್ಲ ಎಡವಿ ಬಿದ್ದಿದ್ದೆ,” ಎಂದಳು.

ಶ್ರೀಶೈಲ ತಿಪ್ಪೆ ನೋಡಿದ. ತೊಟ್ಟಿಲ ಕಾರ್ಯಕ್ಕೆಂದು ಹೊಲಿಸಿ, ಆಸೆ ತಡೆಯದೆ ಇವತ್ತೇ ಹಾಕಿಕೊಂಡಿದ್ದ ಪ್ಯಾಂಟು ನೋಡಿದ. ಆಮೇಲೆ ಇಳಿದ.

ಕೆಂಚಪ್ಪ ಸಲಿಕೆ ತಂದ. ಹನ್ನೊಂದು ಜನರೂ ಬುಟ್ಟಿ ಹಿಡಿದರು. ಶ್ರೀಶೈಲ ಎರಡು ಸಲ ಸೊಂಟದವರೆಗೆ ಹೂತುಹೋದ, ಒಂದು ಸಲ ಕನ್ನಡಕ ಹೂತುಹೋಯಿತು. ಕೋಳಿಗಳು ಅವನ ಸುತ್ತ ತಪಾಸಣೆಗೆ ಬಂದ ಅಧಿಕಾರಿಗಳ ಹಾಗೆ ಅಡ್ಡಾಡಿದವು. ಮಧ್ಯಾಹ್ನ ಎರಡು ಗಂಟೆಗೆ ಸಲಿಕೆ ಠಣ್ ಎಂದಿತು.

ನೀರು ಸುರಿದು ತೊಳೆದರೆ, ನೆತ್ತಿಯ ಮೇಲೆ ಉಳಿಯ ಗುರುತು! ಶ್ರೀಶೈಲ ಕಲ್ಲನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ.

“ಅವ್ವಾರ, ನಿಮ್ಮ ಉಪಕಾರ ಮರಿಯೂದಿಲ್ರಿ. ಈ ಕಲ್ಲಿನಿಂದ ನಾಳೆ ನನ್ನ ಮಗಳ ತೊಟ್ಟಲಾ ತೂಗತೇನಿ.”

ಪಾರವ್ವನ ಕಣ್ಣು ಒದ್ದೆಯಾಯಿತು. ಕಾಲಿಗೆ ನೀರು ಕೊಟ್ಟಳು, ರೊಟ್ಟಿ ಪುಂಡಿಪಲ್ಯೆ ಉಣ್ಣಿಸಿದಳು. ತಿಪ್ಪೆಯಲ್ಲಿ ಮಿಂದವನ ಪಕ್ಕದಲ್ಲಿ ಕುಳಿತು ಹನ್ನೊಂದು ಜನರಲ್ಲಿ ಒಬ್ಬರೂ ಮೂಗು ಮುಚ್ಚಲಿಲ್ಲ. ಅದನ್ನು ಅವನು ಗಮನಿಸಿದ.

ಕಲ್ಲಿನ ಮೇಲೆ ಯಂತ್ರವಿಟ್ಟು ಅಂಕಿ ಬರೆದುಕೊಳ್ಳುವಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಓಡಿದ. ಹಿಂದಿನಿಂದ ಪಾರವ್ವ, “ಏ ತಮ್ಮಾ, ಕಲ್ಲ! ಕಲ್ಲ!” ಎಂದು ಕೂಗುತ್ತಿದ್ದಳು. ಎಷ್ಟು ಸಂತೋಷ ಈ ಜನಕ್ಕೆ ಎಂದುಕೊಂಡು ಶ್ರೀಶೈಲ ಕಿಟಕಿಯಿಂದ ಕೈ ಬೀಸಿದ.

ಐದು ಗಂಟೆಗೆ ಆಫೀಸಿನಲ್ಲಿ ಎರಡೂ ಕಲ್ಲಿನ ಅಂಕಿ ಹಾಕಿ ಗುಂಡಿ ಒತ್ತಿದ. ತುಕ್ಕಾನಟ್ಟಿ ಸಮುದ್ರದಿಂದ ಎದ್ದು, ಸ್ವಲ್ಪ ತಿರುಗಿ, ಬಾಣಂತನ ಮುಗಿಸಿ ಬಂದ ಸೊಸೆ ತನ್ನ ಅಡುಗೆಮನೆಯಲ್ಲಿ ಕೂತ ಹಾಗೆ, ತನ್ನ ಜಾಗದಲ್ಲಿ ಕುಳಿತಿತು. ಉಪಗ್ರಹದ ಚಿತ್ರದ ಮೇಲಿಟ್ಟು ನೋಡಿದರೆ ಪ್ರತಿ ಮನೆಯೂ ತನ್ನದೇ ಮಾಳಿಗೆಯ ಕೆಳಗೆ ಇತ್ತು.

“ಭೇಷ್,” ಎಂದ ಸೋಮಶೇಖರ. “ನಾಳೆ ನಾನss ಹೋಗಿ ಆ ಕಲ್ಲಿನ ಮ್ಯಾಲ ಯಂತ್ರ ಇಟ್ಟ ಒಮ್ಮೆ ತಾಳೆ ನೋಡತೇನಿ. ನೀ ಹುಕ್ಕೇರಿಗೆ ಹೋಗು.” ರಜೆಯ ಅರ್ಜಿ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದ.

ಹೊರಗೆ ಟೆಂಪೋ ನಿಂತ ಸದ್ದಾಯಿತು. ಕೆಂಚಪ್ಪ ಮತ್ತು ಇನ್ನೊಬ್ಬ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ಹೊತ್ತು ತಂದದ್ದನ್ನು ಶ್ರೀಶೈಲನ ಮೇಜಿನ ಮೇಲೆ ಇಳಿಸಿದರು. ಮೇಜು ನರಳಿತು. ಅರಿಷಿಣ, ಕುಂಕುಮ, ಚೆಂಡುಹೂವಿನ ಮಾಲೆ. ನೆತ್ತಿಯ ಮೇಲೆ ಉಳಿಯ ಗುರುತು.

“ಎಷ್ಟ ಒದರಿದೆ ತಮ್ಮಾ, ಕೈ ಬೀಸಕೋತ ಹ್ವಾದಿ!” ಎಂದಳು ಹಿಂದೆಯೇ ಬಂದ ಪಾರವ್ವ. “ಅಷ್ಟ ಕಷ್ಟಪಟ್ಟ ಹುಡಿಕಿ, ಕಲ್ಲ ಬಿಟ್ಟ ಬರೂದೇನ?”

“ತೆಗ್ಗು…?” ಎಂದು ಕೇಳಿದ ಶ್ರೀಶೈಲ.

“ಮುಚ್ಚಿ, ತಿಪ್ಪಿ ಮೊದಲಿನಂಗ ಒಟ್ಟೇವಿ. ನೀ ಚಿಂತಿ ಬಿಡು.”

“ಸಾಲಿ ಬಾಜೂ ಕಲ್ಲೂ ಕಿತಗೊಂಡ ಬಂದೇವ್ರಿ,” ಎಂದ ಕೆಂಚಪ್ಪ. “ಕೆಳಗ ಟೆಂಪೋದಾಗ ಐತಿ. ಅದಕ್ಕೂ ಯಂತ್ರ ಇಟ್ಟಿದ್ರಿ ಅಂತ ಮಾಸ್ತರು ಹೇಳಿದ್ರು.”

ಪಾರವ್ವ ಸೆರಗಿನ ಗಂಟು ಬಿಚ್ಚಿ ತಲೆಗೆ ಕಟ್ಟುವ ಕೆಂಪು ಅಂಚಿನ ಪುಟ್ಟ ಕುಂಚಿಗೆ ತೆಗೆದು ಅವನ ಕೈಗಿಟ್ಟಳು. “ಕೂಸಿಗೆ. ನಮ್ಮ ಊರಿಗೆ ನೀರ ತರಾಂವನ ಮಗಳಿಗೆ.”

ಶ್ರೀಶೈಲನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಾಗಿ ಅವಳ ಕಾಲು ಮುಟ್ಟಿದ.

ಶಾಲೆಯ ಕಲ್ಲನ್ನೂ ಮೇಲೆ ತಂದಿಟ್ಟು ಅವರು ಹೋದ ಮೇಲೆ ಮೆಲ್ಲಗೆ ಕೇಳಿದ: “ಸರ್, ಅಂಕಿ ಅದಾವಲ್ರಿ. ಅದss ಜಾಗಾದಾಗ ಮತ್ತ ಹುಗದ ಬರ್ಲ್ಯಾ?”

“ನಿನ್ನ ಅಂಕಿ ನೋಡಿ ಕಲ್ಲ ಹುಗದು, ಆ ಕಲ್ಲ ನೋಡಿ ನಿನ್ನ ಅಂಕಿ ಖರೆ ಅನ್ನಬೇಕೇನ?” ಸೋಮಶೇಖರ ಪೆನ್ನಿನ ಮುಚ್ಚಳ ಹಾಕಿದ. “ನಾಳೆ ಹೋಗಿ ಊರ ಹೊಸದಾಗಿ ಅಳಿ.”

ಶ್ರೀಶೈಲ ಕುಂಚಿಗೆಯನ್ನು ಜೇಬಿನಲ್ಲಿಟ್ಟುಕೊಂಡು ಹುಕ್ಕೇರಿಗೆ ಫೋನ್ ಮಾಡಿದ.

“ನಾಳೆ ಬರಾಕ ಆಗೂದಿಲ್ಲ.”

“ಯಾಕ್ರಿ, ಕಲ್ಲ ಸಿಗಲಿಲ್ಲೇನ?” ಎಂದಳು ದಾಕ್ಷಾಯಿಣಿ.

ಶ್ರೀಶೈಲ ಮೇಜಿನ ಕಡೆ ನೋಡಿದ.

“ಸಿಕ್ಕಾವು,” ಎಂದ. “ಎರಡೂ ಆಫೀಸಿಗೇ ಬಂದಾವು.”