ವಾಡಿಯ ದೆವ್ವದ ಮನೆ: ಪ್ರವೇಶ ಹಿತ್ತಲ ಬಾಗಿಲಿನಿಂದ

ಮಂದಿಯನ್ನು ಅಂಜಿಸುವ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ನಾನು ಬಲವಾಗಿ ನಂಬಿದ್ದೆ. ನಮ್ಮೂರು ವಾಡಿಯ ಶಾಲೆಯೊಂದರಲ್ಲಿ ಚಿತ್ರಕಲಾ ಮಾಸ್ತರನಾಗಿದ್ದಷ್ಟು ಕಾಲವೂ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ದೆವ್ವದ ಮನೆ ಕಟ್ಟುವುದು ನನ್ನ ಹವ್ಯಾಸ. ಮಕ್ಕಳು ಕಿರುಚಿಕೊಂಡು ಹೊರಗೆ ಓಡುತ್ತಿದ್ದರು. ಗಣಿತದ ಮಾಸ್ತರರನ್ನು ಕಂಡರೂ ಹಾಗೇ ಓಡುತ್ತಿದ್ದರು, ಆ ಮಾತು ಬೇರೆ! ನಿವೃತ್ತಿಯಾದ ಮೇಲೆ ಇದನ್ನೇ ಧಂದೆ ಮಾಡಿಕೊಳ್ಳೋಣವೆಂದು ಮನೆಯ ಹಿಂದಿನ ಖೋಲಿಯ ಮೇಲೆ ಕಣ್ಣು ಹಾಕಿದೆ.

ಆ ಖೋಲಿಯ ಮೇಲೆ ನನ್ನ ಹೆಂಡತಿ ಶರಣಮ್ಮನ ಕಣ್ಣೂ ಇತ್ತು. ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಅಲ್ಲಿ ರೊಟ್ಟಿ ಕೇಂದ್ರ ತೆರೆಯುವುದು ಅವಳ ಬಹುದಿನದ ಆಸೆ.

“ರೊಟ್ಟಿ ಯಾರರೆ ಬಡೀತಾರ. ದೆವ್ವ ಯಾರು ಮಾಡತಾರ?” ಎಂದೆ.

“ಆಯ್ತ್ರಿ, ಒಂದು ಐತವಾರ ನಡಸ್ರಿ. ನಾನೂ ದೆವ್ವ ಆಗ್ತೀನಿ. ಒಬ್ಬರರೆ ಅಂಜಿ ಹೊರಗ ಓಡಿದ್ರ ಖೋಲಿ ನಿಮ್ದು. ಇಲ್ಲಂದ್ರ ಸೋಮವಾರ ಒಲಿ ಹೂಡ್ತೀನಿ.”

ಐತವಾರ ಮಧ್ಯಾಹ್ನ ಬೆಳಕು ಬಾರದಂತೆ ಕಿಟಕಿಗಳಿಗೆ ಕಪ್ಪು ತಾಡಪತ್ರಿ ಬಡಿದೆ. ನೆರೆಮನೆಯ ಎಲೆಕ್ಟ್ರಿಷಿಯನ್ ಬಶೀರ್‌ಭಾಯಿಯನ್ನು ಶಹಾಬಾದ್ ಕಲ್ಲಿನ ಫರ್ಸಿ ನೆಲದ ಮೇಲೆ ಹೆಣವಾಗಿ ಮಲಗಿಸಿ ಬಿಳಿ ಚಾದರ ಹೊದಿಸಿದೆ. ನಾನು ಕೆಮ್ಮಿದ ಕೂಡಲೇ ಹೆಣ ಎದ್ದು ಕೂಡತಕ್ಕದ್ದು ಎಂದು ಕಟ್ಟುನಿಟ್ಟಾಗಿ ಹೇಳಿದೆ.

ಮೊದಲ ಗಿರಾಕಿ ಎದುರುಮನೆಯ ನಾಗಮ್ಮ. ಜೊತೆಗೆ ಸೇಡಂನಿಂದ ಬಂದಿದ್ದ ಅವರ ತಂಗಿ. ಕೆಂಪು ದೀಪ ಮಿನುಗಿತು, ಗೆಜ್ಜೆ ಸಪ್ಪಳವಾಯಿತು. ಶರಣಮ್ಮ ಕೂದಲು ಕೆದರಿಕೊಂಡು ಪರದೆಯ ಹಿಂದಿನಿಂದ ಬಂದಳು.

“ಬರ್ರಿ ನಾಗಮ್ಮಕ್ಕ, ಬರ್ರಿ! ಇವ್ರು ನಿಮ್ಮ ತಂಗಿ ಏನ್ರಿ? ಕುಂದ್ರಿ, ಚಾ ಇಡ್ತೀನಿ.”

“ಏ, ನೀ ದೆವ್ವ ಇದ್ದಿ! ಅಂಜಸು!” ಎಂದು ಕಪಾಟಿನ ಹಿಂದಿನಿಂದ ಪಿಸುಗುಟ್ಟಿದೆ.

“ದೆವ್ವ ಇದ್ರೇನಾತ್ರಿ, ಮನಿಗಿ ಬಂದವ್ರಿಗಿ ಕುಂದ್ರಿ ಅನಬಾರದೇನು?”

ತಂಗಿ ದೆವ್ವವನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಕೂದ್ಲ ಭಾಳ ಛಲೋ ಅವ ರೀ. ಯಾವ ಎಣ್ಣಿ ಹಚ್ಚತೀರಿ?” ಎಂದರು. ಕೊಬ್ಬರಿ ಎಣ್ಣೆಗೆ ಮೆಂತ್ಯ ಹಾಕಿ ಕಾಯಿಸುವ ಕ್ರಮವನ್ನು ದೆವ್ವ ಸವಿಸ್ತಾರವಾಗಿ ವಿವರಿಸಿತು!

ನಾನು ಕೆಮ್ಮಿದೆ. ಹೆಣ ಏಳಲಿಲ್ಲ. ಮತ್ತೆ ಕೆಮ್ಮಿದೆ. ಗೊರಕೆ ಕೇಳಿಸಿತು. ವಾಡಿಯ ಬೇಸಿಗೆಯಲ್ಲಿ ತಣ್ಣನೆಯ ಫರ್ಸಿ ಸಿಕ್ಕರೆ ಯಾವ ಹೆಣ ತಾನೇ ಎಚ್ಚರವಿರುತ್ತದೆ?

“ಸರ್‌ಗ ಕೆಮ್ಮು ಹತ್ತೇದ ಪಾಪ. ಕಷಾಯ ಮಾಡಿ ತರಲೇನ್ರಿ?” ಎಂದರು ನಾಗಮ್ಮ.

ಆಮೇಲೆ ಬಂದವರೆಲ್ಲರ ಗತಿಯೂ ಇದೇ. ಹಿತ್ತಲ ಬಾಗಿಲಿನಿಂದ ಒಳಗೆ ಬಂದು, ಶರಣಮ್ಮನ ಹಿಂದೆ ಪಡಸಾಲೆಗೆ ಹೋಗಿ ಚಹಾಕ್ಕೆ ಕುಳಿತರು. ಕತ್ತಲಲ್ಲಿ ಒಬ್ಬನೇ ನಿಂತು ಯೋಚಿಸಿದೆ. ಅಂಜಿಸಬೇಕಾದರೆ ಎದುರಿಗಿರುವವರು ಪರಕೀಯರಾಗಿರಬೇಕು. ನಮ್ಮಲ್ಲಿ ಹೊಸ್ತಿಲು ದಾಟಿದ ಮೇಲೆ ಯಾರೂ ಪರಕೀಯರಲ್ಲ. ಎರಡು ಮಾತಾಡಿದರೆ ಬೀಗರ ಕಡೆಯವರಾಗಿಬಿಡುತ್ತಾರೆ. ಹಾಗಾದರೆ ಶಾಲೆಯ ಮಕ್ಕಳು? ಮಾಸ್ತರರ ಮನಸ್ಸು ನೋಯಬಾರದೆಂದು ಕಿರುಚುತ್ತಿದ್ದರೇ?

ಅಷ್ಟರಲ್ಲಿ ಕರೆಂಟು ಹೋಯಿತು. ತಾಡಪತ್ರಿಯ ಸಂದಿಯಿಂದ ಬಂದ ತುಸು ಬೆಳಕಿನಲ್ಲಿ ಬೆಳ್ಳಗಿನದೇನೋ ಮೆಲ್ಲಗೆ ಎದ್ದು ಕುಳಿತು ನರಳಿತು.

“ಅಯ್ಯಯ್ಯೋ ಸತ್ತೆ!” ಎಂದು ಕಿರುಚುತ್ತಾ ಓಡಿದೆ. ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದವರನ್ನು ದಾಟಿಕೊಂಡು, ಚಪ್ಪಲಿಯೂ ಇಲ್ಲದೆ ಬೀದಿಗೆ ಬಂದು ನಿಂತೆ. ಹಿಂದೆಯೇ ಬಶೀರ್‌ಭಾಯಿ ಚಾದರ ಎಳೆದುಕೊಂಡು ಓಡಿಬಂದ.

“ಏನಾತ್ರಿ ಸರ್? ಹಾವು ಬಂತೇನ್ರಿ?”

ಓಣಿಗೆ ಓಣಿಯೇ ನಕ್ಕಿತು. ಶರಣಮ್ಮ ಮಾತ್ರ ನಗಲಿಲ್ಲ. ಖೋಲಿಯ ಕೀಲಿಕೈ ತಂದು ನನ್ನ ಮುಂದೆ ಹಿಡಿದಳು.

“ಒಬ್ಬರು ಅಂಜಿ ಓಡ್ಯಾರ. ಮಾತಂದ್ರ ಮಾತು. ತಗೋರಿ, ಖೋಲಿ ನಿಮ್ದು.”

ನಾನು ಕೀಲಿಕೈಯನ್ನು ಅವಳ ಕೈಗೇ ಮರಳಿಸಿದೆ. ಈಗ ಅಲ್ಲಿ ದಿನವೂ ರೊಟ್ಟಿ ಬಡಿಯುವ ಸಪ್ಪಳ. ಹೆಂಡತಿಗಾಗಿ ಧಂದೆಯನ್ನೇ ಬಿಟ್ಟುಕೊಟ್ಟ ಪುಣ್ಯಾತ್ಮನೆಂದು ನನ್ನನ್ನು ಮಂದಿ ಹೊಗಳುತ್ತಾರೆ. ನಾನೂ ಸುಮ್ಮನೆ ತಲೆಯಾಡಿಸುತ್ತೇನೆ. ಆ ಖೋಲಿಗೆ ಒಬ್ಬನೇ ಹೋಗುವ ಧೈರ್ಯ ನನಗಿಲ್ಲವೆಂದು ಯಾವ ಬಾಯಿಂದ ಹೇಳಲಿ!